ವಿದ್ಯಾರ್ಥಿಸಂಘದ ಚುನಾವಣೆಯಲ್ಲಿ ಉಮೇದುವಾರನ ಮತಯಾಚನೆ

೧

ಪ್ರಜಾಪ್ರಭುತ್ವವನ್ನು ಕುರಿತ ನಮ್ಮ ಪಾಠಗಳಲ್ಲಿ ಮತದಾರನಿಗೆ ದೊರೆಯುವಷ್ಟು ಗಮನ ಉಮೇದುವಾರನಿಗೆ ದೊರೆಯುವುದಿಲ್ಲ. ಮತದಾನದ ಹಕ್ಕು, ಮತಗಳ ಎಣಿಕೆ, ಪ್ರಾತಿನಿಧ್ಯದ ವಿಧಾನಗಳು ಇವೆಲ್ಲವನ್ನೂ ನಾವು ತರಗತಿಗಳಲ್ಲಿ ವಿಸ್ತಾರವಾಗಿ ವಿವರಿಸುತ್ತೇವೆ. ಆದರೆ ಒಬ್ಬನು ನಾಮಪತ್ರವನ್ನು ಸಲ್ಲಿಸಿದ ಗಳಿಗೆಯಿಂದ ಮತದಾನದ ದಿನದವರೆಗೆ ತನ್ನವರ ಮುಂದೆ ನಿಂತು ಮತವನ್ನು ಬೇಡುವ ಕಾರ್ಯ ಎಂಥದು, ಅದರಿಂದ ಬೇಡುವವನಿಗೂ ಕೊಡುವವನಿಗೂ ಆಗುವ ಪರಿಣಾಮವೇನು ಎಂಬುದನ್ನು ವಿಚಾರಿಸುವುದು ಅಪೂರ್ವ. ಮತಯಾಚನೆಯನ್ನು ಚುನಾವಣೆಯ ಗದ್ದಲದ ಭಾಗವೆಂದೆಣಿಸಿ ಬದಿಗಿಡುವುದೇ ವಾಡಿಕೆಯಾಗಿದೆ.

ಈ ಕಾರ್ಯವನ್ನು ಹತ್ತಿರದಿಂದ ನೋಡುವುದಕ್ಕೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಸಂಘದ ಚುನಾವಣೆ ಬಹಳ ಅನುಕೂಲವಾದ ಕ್ಷೇತ್ರ. ಇಲ್ಲಿ ಅವಧಿ ಕೆಲವೇ ದಿನಗಳದು, ಮತದಾರರು ಓದುಬಲ್ಲವರು, ಬೇಡುವವನೂ ಕೊಡುವವನೂ ಅನೇಕ ವೇಳೆ ಒಂದೇ ತರಗತಿಯಲ್ಲಿ ಕುಳಿತು ಒಂದೇ ಭೋಜನಶಾಲೆಯಲ್ಲಿ ಉಣ್ಣುವವರು. ಚುನಾವಣೆ ಮುಗಿದ ಮರುದಿನವೂ ಅವರು ಒಬ್ಬರನ್ನೊಬ್ಬರು ಕಾಣಬೇಕಾದವರೇ. ಉಮೇದುವಾರನೆಂಬ ಮಾತಿನಲ್ಲಿ ವಿದ್ಯಾರ್ಥಿನಿಯರನ್ನೂ ಸೇರಿಸಿಯೇ ನಾವು ಇಲ್ಲಿ ಹೇಳುತ್ತಿದ್ದೇವೆ.

ಕರ್ನಾಟಕದ ಓದುಗರಿಗೆ ಈ ವಿಷಯ ದೂರದ್ದೆಂದು ತೋರಬಹುದು. ೧೯೮೯-೯೦ರ ಸುಮಾರಿನಿಂದ ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಸಂಘಕ್ಕೆ ನೇರವಾದ ಚುನಾವಣೆ ನಿಂತುಹೋಗಿದೆ. ಅಂದಿನ ಘರ್ಷಣೆಗಳು ಅದಕ್ಕೆ ಕಾರಣವೆಂದು ಹೇಳಲಾಗುತ್ತದೆ. ಇಂದು ಪಾಠ ಹೇಳುತ್ತಿರುವ ಅಧ್ಯಾಪಕರಲ್ಲಿಯೂ ಬಹುಮಂದಿ ಇಂಥ ಚುನಾವಣೆಯನ್ನು ಕಂಡವರಲ್ಲ. ಆದರೆ ನೆರೆಯ ಕೇರಳದಲ್ಲಿ ಅದು ನಡೆಯುತ್ತಿದೆ. ಕನ್ನಡ ವಿಭಾಗವಿರುವ ಕಾಸರಗೋಡಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳಿಗೆ ಮತಯಾಚನೆ ಹೊಸದಲ್ಲ. ಹೈದರಾಬಾದು, ದೆಹಲಿಗಳ ವಿಶ್ವವಿದ್ಯಾನಿಲಯಗಳಿಗೆ ಹೋದ ನಮ್ಮ ವಿದ್ಯಾರ್ಥಿಗಳೂ ಅದನ್ನು ಕಂಡು ಬರುತ್ತಾರೆ. ೨೦೨೫ರಲ್ಲಿ ಕರ್ನಾಟಕದಲ್ಲಿಯೂ ಈ ಚುನಾವಣೆಗಳನ್ನು ಮತ್ತೆ ಆರಂಭಿಸಬೇಕೆಂಬ ಮಾತು ಸಾರ್ವಜನಿಕ ಚರ್ಚೆಗೆ ಬಂದಿತು. ಆದುದರಿಂದ ಮತಯಾಚನೆಯ ಸ್ವರೂಪವನ್ನು ಶಾಂತವಾಗಿ ಪರಿಶೀಲಿಸುವುದಕ್ಕೆ ಇದು ತಕ್ಕ ಸಮಯ.

ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸಬೇಕೆಂದಿರುವುದು ಇಷ್ಟು: ಮತಯಾಚನೆಯ ಮೌಲ್ಯವು ಉಮೇದುವಾರನು ಏನನ್ನು ಹೇಳುತ್ತಾನೆಂಬುದಕ್ಕಿಂತ ಹೆಚ್ಚಾಗಿ, ಮತದಾರನು ಅವನನ್ನು ಎಷ್ಟರಮಟ್ಟಿಗೆ ಪ್ರಶ್ನಿಸಬಲ್ಲನು ಎಂಬುದರಿಂದ ನಿರ್ಣಯವಾಗುತ್ತದೆ. ಪ್ರಶ್ನೆಗೆ ಎಡೆಯಿರುವಲ್ಲಿ ಮತಯಾಚನೆ ಒಂದು ಶಿಕ್ಷಣ. ಎಡೆಯಿಲ್ಲದಲ್ಲಿ ಅದು ಬರಿಯ ಹೆಸರಿನ ಮೆರವಣಿಗೆ.

೨

ವಿದ್ಯಾರ್ಥಿಗಳ ‘ಯೂನಿಯನ್’ ಎಂಬ ಹೆಸರಿಗೆ ಇಂಗ್ಲೆಂಡಿನಲ್ಲಿ ಎರಡು ಅರ್ಥಗಳು ಬೆಳೆದುಬಂದವು. ಕೇಂಬ್ರಿಜ್ಜಿನಲ್ಲಿ ೧೮೧೫ರಲ್ಲಿಯೂ ಆಕ್ಸ್‌ಫರ್ಡಿನಲ್ಲಿ ೧೮೨೩ರಲ್ಲಿಯೂ ಹುಟ್ಟಿದ ಸಂಘಗಳು ಚರ್ಚಾಕೂಟಗಳು. ಅಲ್ಲಿ ಪದವಿಗೆ ಬರಬೇಕಾದವನು ಮೊದಲು ಸಭೆಯಲ್ಲಿ ಎದ್ದು ಮಾತನಾಡಿ, ಎದುರುವಾದವನ್ನು ತಾಳಿಕೊಂಡು ತನ್ನ ಶಕ್ತಿಯನ್ನು ತೋರಿಸಬೇಕಾಗಿತ್ತು. ವಿದ್ಯಾರ್ಥಿಗಳ ಪರವಾಗಿ ಅಧಿಕಾರಿಗಳೊಡನೆ ವ್ಯವಹರಿಸುವ ಪ್ರತಿನಿಧಿಸಂಸ್ಥೆ ಎಂಬುದು ಎರಡನೆಯ ಅರ್ಥ. ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಈ ಎರಡನೆಯ ಅರ್ಥವೇ ಪ್ರಬಲವಾಯಿತು. ಸಂಘವು ಮೊದಲು ಮಾತಿನ ಮನೆಯಾಗಿತ್ತೆಂಬುದನ್ನು ನೆನಪಿನಲ್ಲಿಡುವುದು ಮುಂದಿನ ವಿಚಾರಕ್ಕೆ ಉಪಕಾರಿಯಾಗುತ್ತದೆ.

ನಮ್ಮ ದೇಶದಲ್ಲಿ ಇಂದು ಉಮೇದುವಾರನ ನಡವಳಿಕೆಯನ್ನು ಕಟ್ಟಿಡುವ ನಿಯಮಗಳು ಬಹುಮಟ್ಟಿಗೆ ಒಂದೇ ಮೂಲದಿಂದ ಬಂದವು. ಕೇರಳದ ಕಾಲೇಜುಗಳಲ್ಲಿ ಸಂಘದ ಚುನಾವಣೆಯನ್ನು ನಡೆಸುವ ವಿಧಾನದ ಬಗೆಗೆ ಹುಟ್ಟಿದ ವ್ಯಾಜ್ಯವೊಂದು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ನ್ಯಾಯಾಲಯವು ೨೦೦೫ರ ಡಿಸೆಂಬರಿನಲ್ಲಿ ಕೊಟ್ಟ ನಿರ್ದೇಶದಂತೆ ಕೇಂದ್ರ ಸರ್ಕಾರವು ಹಿಂದಿನ ಮುಖ್ಯ ಚುನಾವಣಾ ಆಯುಕ್ತರಾದ ಜೆ. ಎಂ. ಲಿಂಗ್ಡೋ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಸಮಿತಿ ೨೦೦೬ರ ಮೇ ತಿಂಗಳಿನಲ್ಲಿ ವರದಿಯನ್ನೊಪ್ಪಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಉಜ್ಜಯಿನಿಯ ಕಾಲೇಜೊಂದರಲ್ಲಿ ಸಂಘದ ಚುನಾವಣೆಯ ಗಲಭೆಯ ನಡುವೆ ಪ್ರಾಧ್ಯಾಪಕರೊಬ್ಬರು ಪ್ರಾಣ ಕಳೆದುಕೊಂಡರು. ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಶಿಫಾರಸುಗಳನ್ನು ಅನುಸರಿಸಬೇಕೆಂದು ಆಜ್ಞೆ ಮಾಡಿತು. ನಿಯಮಗಳ ಹಿಂದೆ ಎಂಥ ಆತಂಕವಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉಮೇದುವಾರನಿಗೆ ಸಂಬಂಧಿಸಿದ ಮುಖ್ಯ ನಿಯಮಗಳು ಹೀಗಿವೆ. ಸ್ನಾತಕ ತರಗತಿಯವನು ೧೭ರಿಂದ ೨೨ ವರ್ಷದೊಳಗಿನವನಾಗಿರಬೇಕು. ಸಂಶೋಧನ ವಿದ್ಯಾರ್ಥಿಗೆ ೨೮ ವರ್ಷದ ಮಿತಿ. ಹಾಜರಿ ನೂರಕ್ಕೆ ೭೫ಕ್ಕಿಂತ ಕಡಮೆಯಾಗಿರಬಾರದು; ತೇರ್ಗಡೆಯಾಗದ ಹಿಂದಿನ ಪರೀಕ್ಷೆಗಳು ಉಳಿದಿರಬಾರದು. ಪದಾಧಿಕಾರಿಯ ಸ್ಥಾನಕ್ಕೆ ಒಮ್ಮೆ ಮಾತ್ರ, ಕಾರ್ಯಸಮಿತಿಯ ಸದಸ್ಯತ್ವಕ್ಕೆ ಎರಡು ಸಲ ಮಾತ್ರ ಸ್ಪರ್ಧಿಸಬಹುದು. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನಗಳಲ್ಲಿ ಮುಗಿಯಬೇಕು. ವೆಚ್ಚ ೫,೦೦೦ ರೂಪಾಯಿಗಳನ್ನು ಮೀರಬಾರದು. ಫಲಿತಾಂಶ ಪ್ರಕಟವಾದ ಎರಡು ವಾರಗಳೊಳಗಾಗಿ ಲೆಕ್ಕವನ್ನೊಪ್ಪಿಸಬೇಕು. ರಾಜಕೀಯ ಪಕ್ಷಗಳ ಹಣವನ್ನು ಬಳಸಕೂಡದು. ಅಚ್ಚು ಹಾಕಿಸಿದ ಭಿತ್ತಿಪತ್ರಗಳಾಗಲಿ ಕರಪತ್ರಗಳಾಗಲಿ ಸಲ್ಲವು. ಕೈಯಿಂದ ಬರೆದ ಭಿತ್ತಿಪತ್ರಗಳನ್ನು ಗೊತ್ತುಮಾಡಿದ ಸ್ಥಳಗಳಲ್ಲಿ ಮಾತ್ರ ಅಂಟಿಸಬಹುದು. ಧ್ವನಿವರ್ಧಕ, ವಾಹನ, ಪ್ರಾಣಿಗಳನ್ನು ಪ್ರಚಾರಕ್ಕೆ ಉಪಯೋಗಿಸಬಾರದು. ಜಾತಿ, ಮತಗಳ ಭಾವನೆಯನ್ನು ಕೆರಳಿಸಿ ಮತ ಕೇಳಬಾರದು. ಎದುರಾಳಿಯನ್ನು ಟೀಕಿಸುವಾಗ ಅವನ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸ ಇವುಗಳನ್ನಷ್ಟೇ ಟೀಕಿಸಬೇಕು. ಖಾಸಗಿ ಜೀವನಕ್ಕೆ ಕೈಹಾಕಬಾರದು.

ಈ ನಿಯಮಗಳನ್ನು ಒಟ್ಟಾಗಿ ನೋಡಿದರೆ ಒಂದು ಅಭಿಪ್ರಾಯ ತಾನಾಗಿ ಗೋಚರಿಸುತ್ತದೆ. ಹಣ, ಅಚ್ಚು, ವಾಹನ, ಧ್ವನಿವರ್ಧಕ ಇವೆಲ್ಲವನ್ನೂ ಉಮೇದುವಾರನ ಕೈಯಿಂದ ತೆಗೆದುಬಿಟ್ಟರೆ ಉಳಿಯುವುದು ಅವನ ಕಾಲು ಮತ್ತು ನಾಲಗೆ. ನಡೆದುಹೋಗಿ ಮಾತನಾಡಿಸುವವನೇ ಗೆಲ್ಲಲಿ ಎಂಬುದು ನಿಯಮಗಳ ಆಶಯ. ಇದು ನೆರವೇರುವುದು ಯಾವಾಗ, ನೆರವೇರದಿರುವುದು ಯಾವಾಗ ಎಂಬುದೇ ಮುಂದಿನ ಪ್ರಶ್ನೆ.

೩

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡುವುದು ಉಪಯುಕ್ತ. ಹತ್ತು ದಿನಗಳಲ್ಲಿ ನಾಮಪತ್ರ, ಪರಿಶೀಲನೆ, ಮತದಾನ, ಎಣಿಕೆ ಇವುಗಳಿಗೆ ಬೇಕಾದ ದಿನಗಳನ್ನು ಕಳೆದರೆ ಮತಯಾಚನೆಗೆ ಉಳಿಯುವುದು ಆರು ದಿನಗಳೆಂದಿಟ್ಟುಕೊಳ್ಳೋಣ. ಉಮೇದುವಾರನು ದಿನಕ್ಕೆ ಎಂಟು ಗಂಟೆಗಳ ಕಾಲ ಒಬ್ಬೊಬ್ಬರೊಡನೆಯೂ ಐದೈದು ನಿಮಿಷ ಮಾತನಾಡಿದರೆ ದಿನಕ್ಕೆ ೯೬ ಮಂದಿ ದೊರೆಯುತ್ತಾರೆ. ಆರು ದಿನಗಳಿಗೆ ೫೭೬ ಮಂದಿ. ಇದು ವಿಶ್ರಾಂತಿಯಿಲ್ಲದೆ ದುಡಿದವನ ಲೆಕ್ಕ.

ಐನೂರು ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಇಂಥವನು ಪ್ರತಿಯೊಬ್ಬ ಮತದಾರನನ್ನೂ ಕಂಡು ಮುಗಿಸಬಲ್ಲನು. ಎಂಟು ಸಾವಿರ ಮತದಾರರಿರುವ ವಿಶ್ವವಿದ್ಯಾನಿಲಯದಲ್ಲಿ ಅವನು ಕಾಣಬಲ್ಲವರು ನೂರಕ್ಕೆ ಏಳು ಮಂದಿ. ಒಂದು ಲಕ್ಷದ ನಲವತ್ತು ಸಾವಿರ ಮತದಾರರಿದ್ದರೆ ನೂರಕ್ಕೆ ಅರ್ಧದಷ್ಟು ಮಂದಿಯನ್ನೂ ಅವನು ಕಾಣಲಾರ. ವೆಚ್ಚದ ಮಾತೂ ಹೀಗೆಯೇ. ೫,೦೦೦ ರೂಪಾಯಿಗಳನ್ನು ಮತದಾರರಿಗೆ ಹಂಚಿ ನೋಡಿದರೆ ಮೊದಲನೆಯ ಕಡೆ ತಲೆಗೆ ಹತ್ತು ರೂಪಾಯಿ, ಎರಡನೆಯ ಕಡೆ ಸುಮಾರು ಅರವತ್ತೆರಡು ಪೈಸೆ, ಮೂರನೆಯ ಕಡೆ ಮೂರೂವರೆ ಪೈಸೆ.

ಹೀಗೆ ಒಂದೇ ನಿಯಮವು ಮೂರು ಕಡೆಗಳಲ್ಲಿ ಮೂರು ಬೇರೆ ನಿಯಮಗಳಾಗಿ ಪರಿಣಮಿಸುತ್ತದೆ. ಚಿಕ್ಕ ಕಾಲೇಜಿನಲ್ಲಿ ಪರಿಚಯವೇ ಸಾಕಾದುದರಿಂದ ಹಣದ ಮಿತಿ ಯಾರನ್ನೂ ಬಾಧಿಸುವುದಿಲ್ಲ. ಬದಲಾಗಿ ಸ್ನೇಹ, ಊರು, ಜಾತಿ, ವಿದ್ಯಾರ್ಥಿನಿಲಯ ಇವು ಮತವನ್ನು ನಿರ್ಧರಿಸುವ ಭಯವಿರುತ್ತದೆ. ಮಧ್ಯಮ ಗಾತ್ರದಲ್ಲಿ ಒಬ್ಬೊಬ್ಬರನ್ನೂ ಕಾಣಲಾಗದಿದ್ದರೂ ಗುಂಪುಗುಂಪಾಗಿ ಕಾಣಬಹುದು. ಆದುದರಿಂದ ಸಭೆಗೂ ಭಾಷಣಕ್ಕೂ ಪ್ರಾಶಸ್ತ್ಯ ಬರುತ್ತದೆ. ಅತಿ ದೊಡ್ಡ ಗಾತ್ರದಲ್ಲಿ ಮತದಾರನು ಉಮೇದುವಾರನನ್ನು ನೋಡುವುದೇ ಇಲ್ಲ, ಅವನ ಹೆಸರನ್ನು ಮಾತ್ರ ನೋಡುತ್ತಾನೆ. ಆದುದರಿಂದ ಹೆಸರನ್ನು ಎಷ್ಟು ಗೋಡೆಗಳ ಮೇಲೆ ಕಾಣಿಸಬಹುದೆಂಬುದೇ ಸ್ಪರ್ಧೆಯಾಗುತ್ತದೆ. ಲಿಂಗ್ಡೋ ಸಮಿತಿಗೆ ಈ ತೊಡಕು ತಿಳಿದಿತ್ತು. ಚಿಕ್ಕ ವಿಶ್ವವಿದ್ಯಾನಿಲಯಗಳಲ್ಲಿ ನೇರ ಚುನಾವಣೆಯನ್ನೂ, ವಿಸ್ತಾರವಾದ ಆವರಣಗಳೂ ಬಹುಸಂಖ್ಯೆಯ ವಿದ್ಯಾರ್ಥಿಗಳೂ ಇರುವಲ್ಲಿ ಪ್ರತಿನಿಧಿಗಳ ಮೂಲಕ ನಡೆಯುವ ಪರೋಕ್ಷ ಚುನಾವಣೆಯನ್ನೂ ಅದು ಸೂಚಿಸಿತು.

ದೆಹಲಿಯಲ್ಲಿ ಒಂದೇ ನಗರದ ಎರಡು ವಿಶ್ವವಿದ್ಯಾನಿಲಯಗಳು ಈ ವ್ಯತ್ಯಾಸಕ್ಕೆ ಉತ್ತಮ ನಿದರ್ಶನಗಳಾಗಿವೆ. ಅವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡೋಣ.

೪

ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಸ್ಥಾಪಿತವಾಯಿತು. ಅದು ಬಹುಮಟ್ಟಿಗೆ ವಸತಿ ವಿಶ್ವವಿದ್ಯಾನಿಲಯ. ಗಂಗಾ, ಸಾಬರಮತಿ, ಪೆರಿಯಾರ್, ಕಾವೇರಿ ಮೊದಲಾದ ನದಿಗಳ ಹೆಸರನ್ನು ಹೊತ್ತ ವಿದ್ಯಾರ್ಥಿನಿಲಯಗಳು ಒಂದೇ ಆವರಣದಲ್ಲಿವೆ. ಇತ್ತೀಚಿನ ಚುನಾವಣೆಗಳಲ್ಲಿ ಮತದಾರರ ಸಂಖ್ಯೆ ಏಳರಿಂದ ಒಂಬತ್ತು ಸಾವಿರದಷ್ಟಿದೆ. ಅಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಸಹ ಕಾರ್ಯದರ್ಶಿ ಎಂಬ ನಾಲ್ಕು ಸ್ಥಾನಗಳಿಗೆ ಎಲ್ಲ ವಿದ್ಯಾರ್ಥಿಗಳೂ ಮತ ಹಾಕುತ್ತಾರೆ. ಇದಲ್ಲದೆ ಒಂದೊಂದು ಅಧ್ಯಯನ ಶಾಖೆಯಿಂದಲೂ ಸದಸ್ಯರು ಆಯ್ಕೆಯಾಗುತ್ತಾರೆ. ಇಲ್ಲಿನ ವಿಶೇಷವೆಂದರೆ ಚುನಾವಣೆಯನ್ನು ನಡೆಸುವವರು ವಿದ್ಯಾರ್ಥಿಗಳೇ. ಅವರಲ್ಲಿಂದಲೇ ಆಯ್ಕೆಯಾದ ಚುನಾವಣಾ ಸಮಿತಿಯು ನಾಮಪತ್ರದಿಂದ ಎಣಿಕೆಯವರೆಗಿನ ಕೆಲಸವನ್ನು ನಿರ್ವಹಿಸುತ್ತದೆ.

ಇಲ್ಲಿ ಉಮೇದುವಾರನ ದಿನಚರಿ ರಾತ್ರಿಯ ಊಟದ ಹೊತ್ತಿಗೆ ಬಿರುಸಾಗುತ್ತದೆ. ಅವನೂ ಅವನ ಗೆಳೆಯರೂ ವಿದ್ಯಾರ್ಥಿನಿಲಯದ ಭೋಜನಶಾಲೆಗೆ ಬಂದು, ಉಣ್ಣುತ್ತಿರುವವರ ನಡುವೆ ನಿಂತು ಮಾತನಾಡುತ್ತಾರೆ. ‘ಪರ್ಚಾ’ ಎಂದು ಕರೆಯುವ ಕರಪತ್ರವನ್ನು ಹಂಚುತ್ತಾರೆ. ಈ ಕರಪತ್ರಗಳು ಹೆಸರು ಮತ್ತು ಭಾವಚಿತ್ರವಿರುವ ಚೀಟಿಗಳಲ್ಲ. ಪುಟದ ತುಂಬ ವಾದವನ್ನು ಮಂಡಿಸುವ ಲೇಖನಗಳು. ಒಂದು ಸಂಘಟನೆಯ ಕರಪತ್ರಕ್ಕೆ ಮತ್ತೊಂದರ ಉತ್ತರ ಬರುವುದುಂಟು. ಗೋಡೆಗಳ ಮೇಲೆ ಕೈಯಿಂದ ಬಿಡಿಸಿದ ದೊಡ್ಡ ಚಿತ್ರಗಳು ಈ ವಿಶ್ವವಿದ್ಯಾನಿಲಯದ ಹಳೆಯ ಸಂಪ್ರದಾಯ.

ಇವೆಲ್ಲಕ್ಕಿಂತಲೂ ಮುಖ್ಯವಾದುದು ಅಧ್ಯಕ್ಷಸ್ಥಾನದ ಉಮೇದುವಾರರ ವಾದಸಭೆ. ಮತದಾನಕ್ಕೆ ಒಂದೆರಡು ದಿನಗಳಿರುವಾಗ ರಾತ್ರಿಯ ಹೊತ್ತಿನಲ್ಲಿ ಬಯಲಿನಲ್ಲಿ ಈ ಸಭೆ ಸೇರುತ್ತದೆ. ಪ್ರತಿಯೊಬ್ಬ ಉಮೇದುವಾರನೂ ಮೊದಲು ನಿಗದಿಯಾದ ಕಾಲದೊಳಗೆ ತನ್ನ ಭಾಷಣವನ್ನು ಮುಗಿಸಬೇಕು. ಆಮೇಲೆ ಉಮೇದುವಾರರು ಒಬ್ಬರನ್ನೊಬ್ಬರು ಪ್ರಶ್ನಿಸುತ್ತಾರೆ. ಕಡೆಯಲ್ಲಿ ನೆರೆದ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ತಮಟೆ, ಘೋಷಣೆಗಳ ಗದ್ದಲವೂ ಇದ್ದೇ ಇರುತ್ತದೆ. ಆದರೆ ಗದ್ದಲದ ನಡುವೆ ಒಂದು ಕ್ರಮವಿದೆ: ಬರೆದುತಂದ ಭಾಷಣದ ಆಚೆಗೆ ಹೋಗಬೇಕಾದ ಗಳಿಗೆ ಎಲ್ಲರಿಗೂ ಬರುತ್ತದೆ. ಬಾಯಿಪಾಠ ಮಾಡಿದವನು ಅಲ್ಲಿ ತಡವರಿಸುತ್ತಾನೆ; ವಿಷಯವನ್ನರಿತವನು ಚೇತರಿಸಿಕೊಳ್ಳುತ್ತಾನೆ. ದೊಡ್ಡ ಸಂಘಟನೆಯ ಬೆಂಬಲವಿಲ್ಲದೆ ಒಂಟಿಯಾಗಿ ನಿಂತವನಿಗೂ ಅದೇ ವೇದಿಕೆ, ಅಷ್ಟೇ ನಿಮಿಷಗಳು. ಇಂಗ್ಲೆಂಡಿನ ಚರ್ಚಾಕೂಟದ ಅರ್ಥ ಮತ್ತು ಪ್ರತಿನಿಧಿಸಂಸ್ಥೆಯ ಅರ್ಥ ಇವೆರಡೂ ಆ ರಾತ್ರಿ ಒಂದೆಡೆ ಕೂಡುತ್ತವೆಂದು ಹೇಳಬಹುದು.

ಈ ಮಾದರಿಗೂ ಅದರದೇ ಆದ ದೋಷಗಳುಂಟು. ಎಲ್ಲ ಪ್ರಮುಖ ಉಮೇದುವಾರರೂ ರಾಜಕೀಯ ಒಲವುಳ್ಳ ಸಂಘಟನೆಗಳ ಹೆಸರಿನಲ್ಲಿಯೇ ನಿಲ್ಲುತ್ತಾರೆ. ಜಗತ್ತಿನ ಸಮಸ್ಯೆಗಳ ಚರ್ಚೆಯಲ್ಲಿ ನಲ್ಲಿಯ ನೀರಿನ ಸಮಸ್ಯೆ ಮರೆತುಹೋಗುತ್ತದೆಂಬ ಟೀಕೆ ಹಳೆಯದು. ಮಾತಿನಲ್ಲಿ ಚುರುಕಾದವನಿಗೆ ಅನುಕೂಲ ಹೆಚ್ಚು. ಮಾತು ಕಡಮೆ, ಕೆಲಸ ಹೆಚ್ಚು ಎಂಬಂಥವನು ಹಿಂದೆ ಉಳಿಯುತ್ತಾನೆ. ಹಿಂದಿ, ಇಂಗ್ಲಿಷುಗಳಲ್ಲಿ ಸರಾಗವಾಗಿ ಮಾತನಾಡಲಾರದ ದಕ್ಷಿಣದ ವಿದ್ಯಾರ್ಥಿಗೆ ಆ ವೇದಿಕೆ ಸುಲಭವಾದುದಲ್ಲ.

ನಿಯಮಗಳ ಇತಿಹಾಸದಲ್ಲಿ ಈ ವಿಶ್ವವಿದ್ಯಾನಿಲಯದ್ದು ಒಂದು ವಿಪರ್ಯಾಸದ ಅಧ್ಯಾಯ. ಚಿಕ್ಕ ವಿಶ್ವವಿದ್ಯಾನಿಲಯಗಳಿಗೆ ಮಾದರಿಯೆಂದು ಲಿಂಗ್ಡೋ ಸಮಿತಿ ಇದನ್ನು ಹೈದರಾಬಾದು ವಿಶ್ವವಿದ್ಯಾನಿಲಯದೊಡನೆ ಹೆಸರಿಸಿತ್ತು. ಆದರೆ ವಯಸ್ಸು ಮೊದಲಾದ ನಿಯಮಗಳನ್ನು ಪಾಲಿಸಿಲ್ಲವೆಂಬ ಕಾರಣದಿಂದ ೨೦೦೮ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಲ್ಲಿನ ಚುನಾವಣೆಗೇ ತಡೆಯಾಜ್ಞೆಯನ್ನಿತ್ತಿತು. ನಿಯಮಗಳನ್ನು ಕೊಂಚ ಸಡಿಲಿಸಿದ ಮೇಲೆ ೨೦೧೨ರ ಮಾರ್ಚಿನಲ್ಲಿ ಮತ್ತೆ ಚುನಾವಣೆ ನಡೆಯಿತು. ೨೦೧೯ರ ಅನಂತರ ಇನ್ನೊಮ್ಮೆ ನಿಂತು, ೨೦೨೪ರ ಮಾರ್ಚಿನಲ್ಲಿ ಪುನರಾರಂಭವಾಯಿತು. ಸಂಶೋಧನಪ್ರಧಾನವಾದ ವಿಶ್ವವಿದ್ಯಾನಿಲಯದಲ್ಲಿ ವಯಸ್ಸಿನ ಮಿತಿಯು ಅನುಭವಸ್ಥರನ್ನೇ ಹೊರಗಿಡುತ್ತದೆಂಬುದು ವಿದ್ಯಾರ್ಥಿಗಳ ವಾದವಾಗಿತ್ತು. ಸದುದ್ದೇಶದ ನಿಯಮವೂ ಸ್ಥಳದ ಸ್ಥಿತಿಯನ್ನು ನೋಡದೆ ಹೇರಿದಾಗ ಒಳ್ಳೆಯ ಪದ್ಧತಿಯನ್ನೇ ನಿಲ್ಲಿಸಬಹುದೆಂಬುದಕ್ಕೆ ಇದು ಉದಾಹರಣೆ.

೫

ಇನ್ನು ದೆಹಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಸಂಘವನ್ನು ನೋಡೋಣ. ಇದರ ಮತದಾರರು ನಗರದ ಹಲವು ಕಡೆಗಳಲ್ಲಿ ಹರಡಿರುವ ಐವತ್ತರಷ್ಟು ಕಾಲೇಜು, ವಿಭಾಗಗಳಲ್ಲಿದ್ದಾರೆ. ಸಂಖ್ಯೆ ಸುಮಾರು ಒಂದು ಲಕ್ಷದ ನಲವತ್ತು ಸಾವಿರ. ಅದು ಹಲವು ವಿಧಾನಸಭಾ ಕ್ಷೇತ್ರಗಳ ಗಾತ್ರಕ್ಕೆ ಸಮನಾಗಿದೆ. ಇಲ್ಲಿಯೂ ನಾಲ್ಕು ಪದಾಧಿಕಾರಿಗಳನ್ನು ನೇರವಾಗಿಯೇ ಆರಿಸುತ್ತಾರೆ. ಇಲ್ಲಿಯೂ ವೆಚ್ಚದ ಮಿತಿ ಅದೇ ೫,೦೦೦ ರೂಪಾಯಿ. ಬಹುಪಾಲು ವಿದ್ಯಾರ್ಥಿಗಳು ಮನೆಯಿಂದ ಬಂದುಹೋಗುವವರು. ರಾತ್ರಿಯ ಭೋಜನಶಾಲೆಯಾಗಲಿ ಬಯಲಿನ ಸಭೆಯಾಗಲಿ ಅವರನ್ನು ಒಂದುಗೂಡಿಸಲಾರದು.

ನಾವು ಮೇಲೆ ಹಾಕಿದ ಲೆಕ್ಕದಿಂದ ಮುಂದಿನದನ್ನು ಊಹಿಸಬಹುದು. ಉಮೇದುವಾರನು ಬೆಂಬಲಿಗರ ಗುಂಪಿನೊಡನೆ ಕಾಲೇಜಿನಿಂದ ಕಾಲೇಜಿಗೆ ಧಾವಿಸುತ್ತಾನೆ. ತರಗತಿಯ ಬಾಗಿಲಲ್ಲಿ ನಿಂತು ಕೈಮುಗಿದು ಹೆಸರು ಹೇಳುವಷ್ಟಕ್ಕೆ ಅವನ ಸಮಯ ಮುಗಿಯುತ್ತದೆ. ಉಳಿದುದನ್ನು ಕಾಗದ ಮಾಡಬೇಕು. ಅಚ್ಚಾದ ಭಿತ್ತಿಪತ್ರಗಳಿಗೆ ನಿಷೇಧವಿದ್ದರೂ ರಸ್ತೆ, ಗೋಡೆ, ಮೆಟ್ರೋ ಕಂಬಗಳ ಮೇಲೆ ಅವು ಕಾಣಿಸಿಕೊಂಡುದನ್ನು ಪತ್ರಿಕೆಗಳು ವರ್ಷವರ್ಷವೂ ವರದಿ ಮಾಡಿವೆ. ನಿಯಮದ ಕೈಗೆ ಸಿಕ್ಕದಿರಲೆಂದು ಉಮೇದುವಾರನ ಹೆಸರಿನಲ್ಲಿ ಬೇಕೆಂದೇ ಒಂದಕ್ಷರವನ್ನು ತಪ್ಪಾಗಿ ಹಾಕಿಸುವ ಉಪಾಯವೂ ವರದಿಯಾಗಿದೆ.

೨೦೨೪ರಲ್ಲಿ ಈ ಸ್ಥಿತಿ ನ್ಯಾಯಾಲಯವನ್ನು ಮುಟ್ಟಿತು. ಸೆಪ್ಟೆಂಬರ್ ೨೭ರಂದು ಮತದಾನಕ್ಕೆ ಅವಕಾಶ ಕೊಟ್ಟ ದೆಹಲಿಯ ಉಚ್ಚ ನ್ಯಾಯಾಲಯವು, ವಿರೂಪಗೊಂಡ ಗೋಡೆಗಳೂ ಸಾರ್ವಜನಿಕ ಸ್ಥಳಗಳೂ ಮೊದಲಿನಂತೆ ಸ್ವಚ್ಛವಾಗುವವರೆಗೆ ಮತಗಳನ್ನು ಎಣಿಸಕೂಡದೆಂದು ಆಜ್ಞಾಪಿಸಿತು. ಫಲಿತಾಂಶ ಹೊರಬಿದ್ದುದು ನವೆಂಬರ್ ೨೫ರಂದು. ಸುಮಾರು ಎರಡು ತಿಂಗಳ ಕಾಲ ಮತಗಳು ಎಣಿಕೆಯಿಲ್ಲದೆ ಉಳಿದವು. ಮರುವರ್ಷ ವಿಶ್ವವಿದ್ಯಾನಿಲಯವು ಒಬ್ಬೊಬ್ಬ ಉಮೇದುವಾರನಿಂದಲೂ ಗೋಡೆಗಳನ್ನು ಕೆಡಿಸುವುದಿಲ್ಲವೆಂದು ಒಂದು ಲಕ್ಷ ರೂಪಾಯಿಗಳ ಮುಚ್ಚಳಿಕೆಯನ್ನು ಬರೆಯಿಸಿಕೊಂಡಿತು. ಐದು ಸಾವಿರದ ಮಿತಿಯೊಳಗೆ ಮತ ಕೇಳಬೇಕಾದವನು ಒಂದು ಲಕ್ಷಕ್ಕೆ ಹೊಣೆಯಾಗಬೇಕಾಯಿತು! ಸಾಮಾನ್ಯ ಕುಟುಂಬದ ವಿದ್ಯಾರ್ಥಿ ಇಂಥ ಹೊಣೆಗೆ ಹಿಂಜರಿಯುವುದು ಸಹಜ; ಹಣವುಳ್ಳವನಿಗೆ ಅದು ಭಾರವಲ್ಲ.

೨೦೨೪ರ ಈ ಚುನಾವಣೆಯಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು ಮೂವತ್ತೈದು. ಅದೇ ವರ್ಷ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು ಎಪ್ಪತ್ತಮೂರು. ಈ ಅಂತರಕ್ಕೆ ವಸತಿ, ದೂರ, ಸಂಖ್ಯೆ ಮೊದಲಾದ ಅನೇಕ ಕಾರಣಗಳಿರಬಹುದು. ಆದರೂ ಎದುರಿಗೆ ನಿಂತು ಉತ್ತರ ಕೊಟ್ಟವನಿಗೆ ಮತ ಹಾಕಲು ಹೋಗುವುದಕ್ಕೂ, ಕಂಬದ ಮೇಲೆ ಹೆಸರು ಕಂಡವನಿಗೆ ಮತ ಹಾಕಲು ಹೋಗುವುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ಅಲ್ಲಗಳೆಯುವಂತಿಲ್ಲ.

೬

ಹಾಗಾದರೆ ಉಮೇದುವಾರನು ಉತ್ತರಿಸಬೇಕಾದ ಪ್ರಶ್ನೆಗಳಾವುವು? ಅವನು ಕೊಡುವ ಭರವಸೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರೆ ವಿಷಯ ತಿಳಿಯಾಗುತ್ತದೆ. ಸಂಘವು ತನ್ನ ಹಣ, ತನ್ನ ದುಡಿಮೆಗಳಿಂದಲೇ ನೆರವೇರಿಸಬಲ್ಲವು ಮೊದಲನೆಯ ಬಗೆ: ಚರ್ಚಾಕೂಟ, ನಾಟಕ, ಹಳೆಯ ಪಠ್ಯಪುಸ್ತಕಗಳ ವಿನಿಮಯ, ಹೊಸ ವಿದ್ಯಾರ್ಥಿಗಳಿಗೆ ನೆರವು ಮುಂತಾದುವು. ಅಧಿಕಾರಿಗಳನ್ನು ಕೇಳಿ ಪಡೆಯಬೇಕಾದವು ಎರಡನೆಯ ಬಗೆ: ಗ್ರಂಥಾಲಯದ ಅವಧಿ, ವಿದ್ಯಾರ್ಥಿನಿಲಯದ ಊಟ, ಬಸ್ಸಿನ ಸೌಕರ್ಯ, ವಿದ್ಯಾರ್ಥಿವೇತನ ಕಾಲಕ್ಕೆ ಸರಿಯಾಗಿ ಕೈಸೇರುವುದು. ಸಂಘವು ಅಭಿಪ್ರಾಯವನ್ನು ಮಾತ್ರ ಹೇಳಬಲ್ಲಂಥವು ಮೂರನೆಯ ಬಗೆ: ದೇಶದ ಶಿಕ್ಷಣನೀತಿ, ಶುಲ್ಕ ಕುರಿತ ಕಾನೂನು ಇತ್ಯಾದಿ.

ಮೂರೂ ನ್ಯಾಯವಾದ ವಿಷಯಗಳೇ. ಒಂದನ್ನು ಇನ್ನೊಂದರಂತೆ ತೋರಿಸುವುದು ಮಾತ್ರ ವಂಚನೆ. ‘ಗ್ರಂಥಾಲಯವನ್ನು ರಾತ್ರಿ ಹನ್ನೆರಡರವರೆಗೆ ತೆರೆಯಿಸುತ್ತೇನೆ’ ಎಂಬ ಉಮೇದುವಾರನು ಎರಡನೆಯ ಬಗೆಯದನ್ನು ಮೊದಲನೆಯದೆಂದು ತೋರಿಸುತ್ತಿದ್ದಾನೆ. ಅವನನ್ನು ಮೂರು ಪ್ರಶ್ನೆ ಕೇಳಿದರೆ ಸಾಕು: ತೆರೆಯಿಸುವ ಅಧಿಕಾರ ಯಾರದು? ಆ ಹೊತ್ತಿನ ಸಿಬ್ಬಂದಿಗೆ ಹಣವೆಲ್ಲಿಂದ? ಅವರು ಒಪ್ಪದಿದ್ದರೆ ನೀನು ಏನು ಮಾಡುವೆ? ಉತ್ತರಿಸಲು ಹೊರಟವನು ವಿಶ್ವವಿದ್ಯಾನಿಲಯದ ಆಡಳಿತ ಹೇಗೆ ನಡೆಯುತ್ತದೆಂಬುದನ್ನು ಕಲಿಯಲೇಬೇಕಾಗುತ್ತದೆ. ಕೇಳಿದವನೂ ಅಷ್ಟನ್ನು ಕಲಿಯುತ್ತಾನೆ. ಮತಯಾಚನೆಯನ್ನು ನಾವು ಶಿಕ್ಷಣವೆಂದು ಕರೆದುದು ಈ ಅರ್ಥದಲ್ಲಿ.

ಎದುರಾಳಿಯ ಬಗೆಗೆ ಆಡುವ ಮಾತೂ ಇದಕ್ಕೆ ಸೇರಿದ್ದೇ. ಖಾಸಗಿ ಜೀವನವನ್ನು ಎಳೆದುತರಬಾರದೆಂಬ ನಿಯಮವು ಸೌಜನ್ಯದ ನಿಯಮವಷ್ಟೇ ಅಲ್ಲ. ಸಭೆಯಲ್ಲಿ ಹೇಳಿದ ಮಾತಿಗೆ ಎದುರಾಳಿ ಅಲ್ಲಿಯೇ ಉತ್ತರ ಕೊಡಬಲ್ಲನು. ಕಿವಿಯಿಂದ ಕಿವಿಗೆ ಹೋದ ಮಾತಿಗೆ ಉತ್ತರವೇ ಇಲ್ಲ. ಇಂದು ಕೈಯಲ್ಲಿನ ದೂರವಾಣಿಯ ಮೂಲಕ ಒಂದು ಸುಳ್ಳು ಕ್ಷಣದಲ್ಲಿ ಸಾವಿರ ಮಂದಿಯನ್ನು ಮುಟ್ಟುತ್ತದೆ. ಮತದಾನ ಮುಗಿಯುವುದಕ್ಕೆ ಮುಂಚಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಹಿರಂಗಸಭೆ ಸಲ್ಲದೆಂದು ನಿಯಮವಿದೆ. ಅದೇ ಗಂಟೆಗಳಲ್ಲಿ ಹರಡುವ ಗುಟ್ಟಿನ ಮಾತನ್ನು ತಡೆಯುವ ಶಕ್ತಿ ೨೦೦೬ರ ಆ ನಿಯಮಗಳಿಗೆ ಇಲ್ಲ. ಇದಕ್ಕೆ ಪರಿಹಾರ ಬಹಿರಂಗಚರ್ಚೆಯನ್ನು ಹೆಚ್ಚಿಸುವುದೇ ಹೊರತು ಕಡಮೆ ಮಾಡುವುದಲ್ಲ.

ಸೋತವರ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಒಂದು ಸ್ಥಾನಕ್ಕೆ ಐವರು ನಿಂತರೆ ನಾಲ್ವರು ಸೋಲುತ್ತಾರೆ. ಉಮೇದುವಾರಿಕೆಯ ಲಾಭವೆಲ್ಲ ಗೆದ್ದವನಿಗೇ ಎನ್ನುವುದಾದರೆ ಅದು ಬಹಳ ದುಬಾರಿಯಾದ ವಿದ್ಯೆ. ಆದರೆ ಮನಸ್ಸಿನಲ್ಲಿರುವುದನ್ನು ಅಪರಿಚಿತರ ಮುಂದೆ ಹೇಳುವುದು, ‘ನಿನಗೆ ನನ್ನ ಮತವಿಲ್ಲ’ ಎಂದವನಿಗೆ ನಮಸ್ಕಾರ ಹೇಳಿ ಮುಂದೆ ಹೋಗುವುದು, ಎಣಿಕೆಯ ಮರುದಿನ ಗೆದ್ದವನ ಪಕ್ಕದಲ್ಲಿ ಕುಳಿತು ಪಾಠ ಕೇಳುವುದು ಇವನ್ನು ಸೋತವನೂ ಕಲಿತಿರುತ್ತಾನೆ. ಸೋಲನ್ನು ಒಪ್ಪಿಕೊಳ್ಳುವ ಅಭ್ಯಾಸವಿಲ್ಲದ ಸಮಾಜದಲ್ಲಿ ಚುನಾವಣೆಯ ಪದ್ಧತಿ ಬಹುಕಾಲ ನಿಲ್ಲಲಾರದು.

೭

ಚುನಾವಣೆಯೇ ಬೇಡವೆನ್ನುವವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಓದಿಗೆ ತೊಂದರೆ, ಗುಂಪುಗಾರಿಕೆ, ಹೊರಗಿನವರ ಪ್ರವೇಶ, ಹೊಡೆದಾಟ ಇವೆಲ್ಲ ನಡೆದಿರುವ ಸಂಗತಿಗಳು, ಪ್ರಾಣಹಾನಿಯೂ ಆಗಿದೆ. ಅಂಕಗಳ ಆಧಾರದ ಮೇಲೆ ತರಗತಿಯ ಪ್ರತಿನಿಧಿಗಳನ್ನು ನೇಮಿಸುವ ಪದ್ಧತಿಯಲ್ಲಿ ಈ ಯಾವ ಭಯವೂ ಇಲ್ಲ. ಆದರೆ ಅದರಲ್ಲೊಂದು ಕೊರತೆಯಿದೆ: ನೇಮಕವಾದ ಪ್ರತಿನಿಧಿಯು ಯಾರ ಮುಂದೆಯೂ ನಿಂತು ಕೇಳಿದವನಲ್ಲ, ಆದುದರಿಂದ ಯಾರಿಗೂ ಉತ್ತರ ಕೊಡಬೇಕಾದವನೂ ಅಲ್ಲ. ಅವನು ಜಾಣನಾಗಿರಬಹುದು, ಸಜ್ಜನನಾಗಿರಬಹುದು. ‘ಅಂದು ಹೀಗೆಂದಿದ್ದೆಯಲ್ಲ, ಏಕೆ ಮಾಡಲಿಲ್ಲ?’ ಎಂದು ಅವನನ್ನು ಕೇಳುವ ಹಕ್ಕು ಮಾತ್ರ ಯಾರಿಗೂ ಇರುವುದಿಲ್ಲ. ಹದಿನೆಂಟು ತುಂಬಿದ ವಿದ್ಯಾರ್ಥಿ ವಿಧಾನಸಭೆಗೂ ಲೋಕಸಭೆಗೂ ಮತ ಹಾಕುತ್ತಾನೆ. ಉಮೇದುವಾರನನ್ನು ಹೇಗೆ ಪ್ರಶ್ನಿಸಬೇಕೆಂಬುದನ್ನು ಅವನು ಎಲ್ಲಿಯೂ ಅಭ್ಯಾಸ ಮಾಡದೆಯೇ ಅಲ್ಲಿಗೆ ಹೋಗುತ್ತಾನೆ.

ಮೇಲೆ ಕಂಡ ಎರಡು ನಿದರ್ಶನಗಳಿಂದ ನಾವು ಕಲಿಯಬೇಕಾದುದು, ಚುನಾವಣೆ ಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆಯಲ್ಲ. ಎಂಥ ಮತಯಾಚನೆ ಎಂಬುದೇ ಪ್ರಶ್ನೆ. ಕರ್ನಾಟಕದಲ್ಲಿ ಈ ಪದ್ಧತಿ ಮರಳಿ ಬರುವುದಾದರೆ ಮೂರು ವಿಷಯಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಒಂದು, ಒಂದೊಂದು ಚುನಾವಣೆಯ ಕ್ಷೇತ್ರವೂ ಉಮೇದುವಾರನು ನಡೆದು ಮುಗಿಸಬಹುದಾದಷ್ಟು ಚಿಕ್ಕದಾಗಿರಬೇಕು. ಅನೇಕ ಜಿಲ್ಲೆಗಳಲ್ಲಿ ಹರಡಿದ ನಮ್ಮ ಸಂಯೋಜಕ ವಿಶ್ವವಿದ್ಯಾನಿಲಯಗಳಲ್ಲಿ ಕಾಲೇಜಿನ ಮಟ್ಟದ ನೇರ ಚುನಾವಣೆ, ಅದರ ಮೇಲೆ ಪ್ರತಿನಿಧಿಗಳ ಮೂಲಕ ವಿಶ್ವವಿದ್ಯಾನಿಲಯದ ಸಂಘ ಎಂಬ ಕ್ರಮವೇ ಹೊಂದುತ್ತದೆ. ಕೇರಳದ ವಿಶ್ವವಿದ್ಯಾನಿಲಯಗಳು ಇಂಥ ಕ್ರಮವನ್ನೇ ಅನುಸರಿಸುತ್ತಿವೆ. ಎರಡು, ಎಲ್ಲ ಉಮೇದುವಾರರೂ ಒಂದೇ ವೇದಿಕೆಯಲ್ಲಿ ಮತದಾರರ ಪ್ರಶ್ನೆಗಳಿಗೆ ಉತ್ತರಿಸುವ ಸಭೆ ಕಡ್ಡಾಯವಾಗಿರಬೇಕು. ಬಸ್ಸಿಗೆ ಹೋಗುವವರೂ, ಸಂಜೆ ಬೇಗ ಬಾಗಿಲು ಹಾಕುವ ವಿದ್ಯಾರ್ಥಿನಿಲಯಗಳ ವಿದ್ಯಾರ್ಥಿನಿಯರೂ ತಪ್ಪಿಸಿಕೊಳ್ಳದಂತೆ ಅದು ಹಗಲಿನಲ್ಲಿ, ತರಗತಿಯ ಅವಧಿಯಲ್ಲಿಯೇ ನಡೆಯಬೇಕು. ಮೂರು, ಆ ಸಭೆಯಲ್ಲಿ ಕನ್ನಡದಲ್ಲಿ ಕೇ­ಳುವುದಕ್ಕೂ ಉತ್ತರಿಸುವುದಕ್ಕೂ ಯಾರೂ ಸಂಕೋಚಪಡಬೇಕಾಗಿರಬಾರದು. ಮಾತಿನ ಅಂಜಿಕೆಯಿಂದ ಹಿಂದೆ ಉಳಿಯುವವನು ಅನೇಕ ವೇಳೆ ತನ್ನ ಭಾಷೆಯಲ್ಲಿ ಕೇಳಿದರೆ ಸೊಗಸಾಗಿ ಉತ್ತರಿಸಬಲ್ಲವನೇ ಆಗಿರುತ್ತಾನೆ.

ಈ ವಿಷಯದಲ್ಲಿ ಅಧ್ಯಾಪಕರ ಪಾತ್ರ ಅಲ್ಪವಾದರೂ ನಿಶ್ಚಿತವಾದುದು. ಲಿಂಗ್ಡೋ ಸಮಿತಿಯು ದೂರುಗಳ ವಿಚಾರಣೆಗಾಗಿ ಸೂಚಿಸಿದ ಮಂಡಲಿಯಲ್ಲಿ ವಿದ್ಯಾರ್ಥಿ ಕ್ಷೇಮಾಧಿಕಾರಿ, ಹಿರಿಯ ಅಧ್ಯಾಪಕರೊಬ್ಬರು, ಹಿರಿಯ ಆಡಳಿತಾಧಿಕಾರಿಯೊಬ್ಬರು ಇವರ ಜೊತೆಗೆ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿಗೂ ಒಬ್ಬ ವಿದ್ಯಾರ್ಥಿನಿಗೂ ಸ್ಥಾನವಿದೆ. ಅಧ್ಯಾಪಕರು ಯಾರ ಪರವಾಗಿಯೂ ಮಾತನಾಡಬೇಕಾಗಿಲ್ಲ. ಕೇಳುವವನಿಗೆ ಕೇಳುವ ಅವಕಾಶವೂ, ಹೇಳುವವನಿಗೆ ಹೇಳುವ ಅವಕಾಶವೂ ದೊರೆಯುವಂತೆ ನೋಡಿಕೊಂಡರೆ ಸಾಕು. ಅದಕ್ಕಾಗಿ ಚುನಾವಣೆಯ ಆಜ್ಞೆ ಬರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಈಗಿರುವ ತರಗತಿಯ ಪ್ರತಿನಿಧಿಯನ್ನೇ ತಿಂಗಳಿಗೊಮ್ಮೆ ತರಗತಿಯ ಮುಂದೆ ನಿಲ್ಲಿಸಿ, ಮಾಡಿದ ಕೆಲಸವೇನು, ಆಗದಿದ್ದುದು ಏಕೆ ಎಂದು ಹತ್ತು ನಿಮಿಷ ಕೇಳುವ ಪದ್ಧತಿಯನ್ನು ಯಾವ ಕಾಲೇಜಾದರೂ ನಾಳೆಯಿಂದಲೇ ಆರಂಭಿಸಬಹುದು.